36 ಡೈವ್ ಬಾಂಬರ್‌ಗಳು ಒಂದು ಎಣ್ಣೆ ಹಡಗಿನ ಮೇಲೆ: ಯುಎಸ್‌ಎಸ್ ನಿಯೋಷೋ ಬಗ್ಗೆ ಮಾತಾಡೋಣ

ಹಳೇ ಹಡಗು

ಪೆಸಿಫಿಕ್ ಯುದ್ಧದ ಬಗ್ಗೆ ಓದುವವರು ಇಲ್ಲಿ ತುಂಬಾ ಜನ ಇದ್ದೀರಿ. ಅದಕ್ಕೇ ಈ ವಿಷಯ ಹಾಕುತ್ತಿದ್ದೇನೆ.

ಕೋರಲ್ ಸಮುದ್ರದ ಕದನ ಅಂದ ಕೂಡಲೇ ಎಲ್ಲರೂ ಲೆಕ್ಸಿಂಗ್ಟನ್, ಯಾರ್ಕ್‌ಟೌನ್, ಶೋಕಾಕು ಅಂತ ವಿಮಾನವಾಹಕ ಹಡಗುಗಳಿಂದಲೇ ಶುರು ಮಾಡುತ್ತಾರೆ. 1942ರ ಮೇ 7ರಂದು ನಿಯೋಷೋ ಎಂಬ ಅಮೆರಿಕದ ಎಣ್ಣೆ ಹಡಗಿಗೆ ಏನಾಯಿತು ಅನ್ನುವುದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಜಪಾನಿಯರು ವಿಮಾನವಾಹಕ ಅಂದುಕೊಂಡು ಟ್ಯಾಂಕರ್ ಮೇಲೆ ಬಿದ್ದರು, ಅಷ್ಟೇ.

ಮೊನ್ನೆ ಗೆಳೆಯರೊಬ್ಬರ ಜೊತೆ ಇದೇ ವಾದ ಆಯಿತು. ಅಮೆರಿಕ ಕಳೆದುಕೊಂಡಿದ್ದು ಬರೀ ಒಂದು ಟ್ಯಾಂಕರ್ ಮತ್ತು ಒಂದು ಡೆಸ್ಟ್ರಾಯರ್ (ಕಾವಲಿಗೆ ಬಳಸುವ ಸಣ್ಣ, ವೇಗದ ಯುದ್ಧನೌಕೆ), ಜಪಾನಿಗೆ ಒಂದು ಇಡೀ ಬೆಳಗ್ಗೆ ಹಾಳಾಯಿತು, ಆದ್ದರಿಂದ ಅಮೆರಿಕಕ್ಕೆ ಲಾಭವೇ ಆಯಿತು ಅನ್ನುವುದು ಅವರ ಲೆಕ್ಕ. ನನಗೆ ಈ 'ಬರೀ' ಅನ್ನುವ ಮಾತೇ ಹಿಡಿಸಲಿಲ್ಲ. ಆ ಹಡಗು ಏಳು ಬಾಂಬ್ ತಿಂದು, ಮೇಲೊಂದು ವಿಮಾನ ಬಂದು ಅಪ್ಪಳಿಸಿಯೂ ನಾಲ್ಕು ದಿನ ತೇಲುತ್ತಿತ್ತು. ತೆಪ್ಪ ಹತ್ತಿದ 68 ಜನರಲ್ಲಿ ಜೀವಂತ ಸಿಕ್ಕಿದ್ದು 4 ಜನ.

ನನ್ನ ಪ್ರಶ್ನೆ ಎರಡು. ನಿಯೋಷೋ ಹೋಗಿದ್ದು ನಿಜಕ್ಕೂ ಸಣ್ಣ ನಷ್ಟವೇ? ತೆಪ್ಪದಲ್ಲಿ ಹೋದವರ ಸಾವಿಗೆ ಯಾರನ್ನು ಹೊಣೆ ಮಾಡುತ್ತೀರಿ?

ನಕ್ಷೆಪ್ರಿಯ

ಮೊದಲನೇ ಪ್ರಶ್ನೆಗೆ ನಾನು ನಿಮ್ಮ ಗೆಳೆಯರ ಕಡೆ. ಆವತ್ತಿನ ಬೆಳಗ್ಗೆ ನೋಡಿ. ಶೋಕಾಕು, ಝುಯಿಕಾಕು ಎರಡೂ ಹಡಗುಗಳ ವಿಮಾನಗಳು ಜಪಾನಿ ಅಡ್ಮಿರಲ್ ಹರಾ ಕೈಯಲ್ಲಿವೆ. ಏಳೂವರೆ ಸುಮಾರಿಗೆ ದಕ್ಷಿಣಕ್ಕೆ ಹೋಗಿದ್ದ ಹುಡುಕಾಟದ ವಿಮಾನದಿಂದ ಸುದ್ದಿ ಬಂತು: ಒಂದು ವಿಮಾನವಾಹಕ, ಒಂದು ಕ್ರೂಸರ್. ಹರಾ ತಡ ಮಾಡಲಿಲ್ಲ. 78 ವಿಮಾನ ಕಳಿಸಿದರು. 18 ಝೀರೋ ಫೈಟರ್, 36 ಡೈವ್ ಬಾಂಬರ್ (ಮೇಲಿಂದ ಕಡಿದಾಗಿ ಎರಗಿ ಬಾಂಬ್ ಹಾಕುವ ವಿಮಾನ), 24 ಟಾರ್ಪಿಡೊ ವಿಮಾನ. ಅವು ಮೇಲೇರಿ ಹೋಗುತ್ತಿದ್ದ ಹಾಗೆಯೇ ಇನ್ನೊಂದು ದಿಕ್ಕಿನಿಂದ ನಿಜವಾದ ವಿಮಾನವಾಹಕಗಳ ಸುದ್ದಿ ಬಂತು. ಆದರೂ ಅವರನ್ನು ವಾಪಸ್ ಕರೆಯಲಿಲ್ಲ. ಎರಡೂ ಕಡೆ ಶತ್ರು ಇರಬಹುದು ಅಂದುಕೊಂಡು ದಕ್ಷಿಣದ ದಾಳಿಯನ್ನೇ ಮುಂದುವರಿಸಿದರು.

ವಿಮಾನಗಳು ಅಲ್ಲಿಗೆ ಹೋಗಿ ಸುತ್ತಿದ್ದೇ ಸುತ್ತಿದ್ದು. ವಿಮಾನವಾಹಕ ಎಲ್ಲಿಯೂ ಇಲ್ಲ. 11 ಗಂಟೆ ದಾಟಿದ ಮೇಲೆ ಟಾರ್ಪಿಡೊ ವಿಮಾನ, ಫೈಟರ್ ಎಲ್ಲಾ ವಾಪಸ್ ಹೊರಟವು. ಬರಿಗೈಯಲ್ಲಿ ಹೋಗುವುದು ಬೇಡ ಅಂತ 36 ಡೈವ್ ಬಾಂಬರ್‌ಗಳು ನಿಯೋಷೋ ಮತ್ತು ಅದರ ಕಾವಲಿಗಿದ್ದ ಸಿಮ್ಸ್ ಮೇಲೆ ಇಳಿದವು. ಹೆಚ್ಚೂ ಕಮ್ಮಿ ಅದೇ ಹೊತ್ತಿಗೆ ಅಮೆರಿಕದ ವಿಮಾನಗಳು ಶೋಹೋ ಎಂಬ ಜಪಾನಿ ವಿಮಾನವಾಹಕವನ್ನು ಮುಳುಗಿಸುತ್ತಿದ್ದವು. ಆ 78 ವಿಮಾನ ಬೆಳಗ್ಗೆಯೇ ಅಮೆರಿಕದ ಪಡೆಯ ಮುಖ್ಯಸ್ಥ ಅಡ್ಮಿರಲ್ ಫ್ಲೆಚರ್ ಮೇಲೆ ಬಂದಿದ್ದರೆ ಕಥೆ ಏನಾಗುತ್ತಿತ್ತು? ನಿಯೋಷೋ ಅವರ ಪಾಲಿಗೆ ಗುರಾಣಿ ಆಯಿತು. ಮನಸ್ಸಿಗೆ ಕಷ್ಟವಾದರೂ ಲೆಕ್ಕ ಲೆಕ್ಕವೇ.

ಓದುಗ 72

ಟ್ಯಾಂಕರ್ ಎಲ್ಲಿ, ವಿಮಾನವಾಹಕ ಎಲ್ಲಿ! ಪೈಲಟ್‌ಗೆ ಅಷ್ಟೂ ಗೊತ್ತಾಗಲಿಲ್ವಾ?

ಗಡಿಯಾರ

@ಓದುಗ 72 ಮೇಲಿಂದ, ಮೋಡದ ಸಂದಿಯಿಂದ, ದೂರದಿಂದ ನೋಡಿ ಹೇಳುವುದು ಅಷ್ಟು ಸುಲಭ ಅಲ್ಲ. ನಿಯೋಷೋ 553 ಅಡಿ ಉದ್ದ, 75 ಅಡಿ ಅಗಲ. ಉದ್ದಕ್ಕೆ ಚಪ್ಪಟೆ ಡೆಕ್. ಪಕ್ಕದಲ್ಲಿ ಒಂದು ಯುದ್ಧನೌಕೆ ಕಾವಲು ಬೇರೆ.

ಇನ್ನೊಂದು ವಿಷಯ ಗೊತ್ತಾ? ನಿಯೋಷೋ ಸಿಮರಾನ್ ವರ್ಗದ ಹಡಗು. ಅದೇ ವರ್ಗದ ನಾಲ್ಕು ಹಡಗುಗಳನ್ನು ಅಮೆರಿಕ 1942ರಲ್ಲಿ ನಿಜವಾಗಿಯೂ ವಿಮಾನವಾಹಕಗಳಾಗಿ ಬದಲಾಯಿಸಿತು. ಸಾಂಗಮನ್, ಸುವಾನೀ, ಚೆನಾಂಗೊ, ಸ್ಯಾಂಟೀ. ಒಡಲು ಟ್ಯಾಂಕರ್‌ದೇ, ಮೇಲೆ ವಿಮಾನದ ಡೆಕ್ ಕೂರಿಸಿದರು. ಒಳಗೆ ಎಣ್ಣೆ ತುಂಬುವ ಜಾಗ ಉಳಿಸಿಕೊಂಡಿದ್ದರಿಂದ ಬೇರೆ ಹಡಗುಗಳಿಗೆ ಎಣ್ಣೆಯನ್ನೂ ಕೊಡುತ್ತಿದ್ದವು. ಆ ಪೈಲಟ್‌ನ ಕಣ್ಣು ತೀರಾ ಮೋಸ ಹೋಗಿತ್ತು ಅಂತ ನನಗೆ ಅನಿಸುವುದಿಲ್ಲ.

ತಪ್ಪು ಸುದ್ದಿ ಜಪಾನಿಯರಿಗೆ ಮಾತ್ರ ಬಂದಿದ್ದಲ್ಲ. ಅದೇ ಬೆಳಗ್ಗೆ ಅಮೆರಿಕದ ಹುಡುಕಾಟದ ವಿಮಾನವೂ ಎರಡು ವಿಮಾನವಾಹಕ, ನಾಲ್ಕು ಭಾರೀ ಕ್ರೂಸರ್ ಅಂತ ಸಂಕೇತದ ಗೊಂದಲದಲ್ಲಿ ತಪ್ಪು ಸಂದೇಶ ಕಳಿಸಿತ್ತು. ಫ್ಲೆಚರ್ ಕೂಡ ಅದನ್ನು ನಂಬಿ 93 ವಿಮಾನ ಕಳಿಸಿದರು. ಹೋಗುವ ದಾರಿಯಲ್ಲಿ ಶೋಹೋ ಸಿಕ್ಕಿತು. ಆ ದಿನ ಎರಡೂ ಕಡೆ ಕುರುಡು ಹೋರಾಟ.

ಕಾರವಾರದ ಕಡಲು

ನೌಕಾಪಡೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. 'ಬರೀ ಟ್ಯಾಂಕರ್' ಅನ್ನುವವರಿಗೆ ಎರಡು ಮಾತು ಹೇಳಬೇಕು.

ಸಮುದ್ರದ ನಡುವೆ ಎಣ್ಣೆ ತುಂಬಿಸಿಕೊಳ್ಳುವುದಕ್ಕೆ ನಮ್ಮಲ್ಲಿ 'ರಾಸ್' ಅನ್ನುತ್ತೇವೆ. ಹೊರಗಿನವರಿಗೆ ಅದು ಪೆಟ್ರೋಲ್ ಬಂಕ್ ಕೆಲಸದ ಹಾಗೆ ಕಾಣಬಹುದು. ಸಾವಿರಾರು ಟನ್‌ನ ಎರಡು ಹಡಗು ಪಕ್ಕ ಪಕ್ಕ, ಐವತ್ತು ಮೀಟರ್ ಆಸುಪಾಸಿನ ಅಂತರದಲ್ಲಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಬೇಕು. ಎರಡರ ನಡುವಿನ ಸಂದಿಯಲ್ಲಿ ನೀರು ಜೋರಾಗಿ ನುಗ್ಗುತ್ತದೆ, ಹಡಗುಗಳನ್ನು ಒಂದನ್ನೊಂದು ಸೆಳೆಯುತ್ತದೆ. ಸ್ಟಿಯರಿಂಗ್ ಹಿಡಿದವನು ಒಂದು ಡಿಗ್ರಿ ಕೂಡ ಆಚೀಚೆ ಹೋಗಬಾರದು. ಮೊದಲು ತೆಳ್ಳಗಿನ ದಾರ ಹಾರಿಸುತ್ತಾರೆ. ಅದಕ್ಕೆ ಕಟ್ಟಿ ದಪ್ಪ ಹಗ್ಗ, ಆಮೇಲೆ ಉಕ್ಕಿನ ತಂತಿ, ಕೊನೆಗೆ ಎಣ್ಣೆಯ ಹೋಸ್. ಡೆಕ್ ಮೇಲೆ ಅಲೆ ಹೊಡೆಯುತ್ತಿರುತ್ತದೆ. ತಂತಿ ಕಿತ್ತು ಬಂದರೆ ಎದುರಿಗಿದ್ದವನು ಉಳಿಯುವುದಿಲ್ಲ. ಹೋಸ್ ಕಟ್ಟಿಕೊಂಡಿರುವಾಗ ಎರಡೂ ಹಡಗು ನೆಟ್ಟಗೆ ಓಡಲೇಬೇಕು, ತಪ್ಪಿಸಿಕೊಂಡು ತಿರುಗುವ ಹಾಗಿಲ್ಲ. ಶತ್ರು ಬಂದರೆ ಮೊದಲು ಬಿಡಿಸಿಕೊಳ್ಳಬೇಕು, ಆಮೇಲೆ ಉಳಿದದ್ದು.

ಈಗ ಇದಕ್ಕೆ ಒಳ್ಳೆಯ ಸಲಕರಣೆ ಇದೆ. ನಿಯೋಷೋ ಕಾಲದಲ್ಲಿ ದೊಡ್ಡ ಹಡಗುಗಳಿಗೆ ಪಕ್ಕದಲ್ಲಿ ನಿಂತು ಎಣ್ಣೆ ಕೊಡುವುದನ್ನು ಇನ್ನೂ ಕಲಿಯುತ್ತಿದ್ದರು. 1917ರಲ್ಲಿ ಮೌಮೀ ಎಂಬ ಹಡಗು ಅಟ್ಲಾಂಟಿಕ್ ನಡುವೆ ಡೆಸ್ಟ್ರಾಯರ್‌ಗಳಿಗೆ ಎಣ್ಣೆ ಕೊಟ್ಟಿತ್ತು. ಆ ಏರ್ಪಾಡಿನ ಹಿಂದೆ ಇದ್ದವರು ಯಾರು ಗೊತ್ತಾ? ಆಗ ಕಿರಿಯ ಅಧಿಕಾರಿ, ಮುಂದೆ ಇಡೀ ಪೆಸಿಫಿಕ್ ನೌಕಾಪಡೆಯ ಮುಖ್ಯಸ್ಥರಾದ ಚೆಸ್ಟರ್ ನಿಮಿಟ್ಸ್. ಟ್ಯಾಂಕರ್‌ನ ಬೆಲೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಸಂಜೆಮಲ್ಲಿಗೆ

ಸರ್, ಇದನ್ನು ಓದಿ ಕೈ ನಡುಗಿತು. ಇಂಥ ವಿವರ ಎಲ್ಲೂ ಸಿಗುವುದಿಲ್ಲ. ಇನ್ನಷ್ಟು ಬರೆಯಿರಿ.

ಹಳೇ ಹಡಗು

@ಕಾರವಾರದ ಕಡಲು ನಾನು ಹೇಳಬೇಕಿದ್ದ ಮಾತು ನೀವೇ ಹೇಳಿದಿರಿ.

@ನಕ್ಷೆಪ್ರಿಯ ಲೆಕ್ಕ ಅಂತೀರಲ್ಲ, ಪೂರ್ತಿ ಲೆಕ್ಕ ಮಾಡೋಣ. 1942ರ ಶುರುವಿನಲ್ಲಿ ಪೆಸಿಫಿಕ್‌ನಲ್ಲಿ ಅಮೆರಿಕದ ಹತ್ತಿರ ಫ್ಲೀಟ್ ಜೊತೆ ಓಡುವಷ್ಟು ವೇಗದ ಟ್ಯಾಂಕರ್‌ಗಳು ಎಷ್ಟಿದ್ದವು? ಬೆರಳೆಣಿಕೆ. ಹಳೆಯವು ನಿಧಾನ. ಸಿಮರಾನ್ ವರ್ಗದ್ದು 18 ನಾಟ್ ಓಡುತ್ತಿತ್ತು. ಸುಮ್ನೆ ಬಂದ ವೇಗ ಅಲ್ಲ ಅದು. ವ್ಯಾಪಾರಕ್ಕೆ ಎಣ್ಣೆ ಸಾಗಿಸಲು ಅಷ್ಟು ವೇಗ ಬೇಕಾಗಿಯೇ ಇರಲಿಲ್ಲ. ಯುದ್ಧ ಬಂದರೆ ನೌಕಾಪಡೆಗೆ ಬೇಕಾಗುತ್ತದೆ ಅಂತ ಸರ್ಕಾರ ಎಣ್ಣೆ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, ಹೆಚ್ಚಿನ ವೇಗದ ಖರ್ಚು ತಾನು ಹಾಕಿ 12 ಹಡಗು ಕಟ್ಟಿಸಿತು. ನಿಯೋಷೋ ಅವುಗಳಲ್ಲಿ ಎರಡನೆಯದು. ನ್ಯೂಜೆರ್ಸಿಯ ಕರ್ನಿಯಲ್ಲಿ ಕಟ್ಟಿದ್ದು, 1939ರ ಆಗಸ್ಟ್‌ನಲ್ಲಿ ಸೇವೆಗೆ ಬಂತು.

ಟ್ಯಾಂಕರ್ ಒಂದು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ವರ್ಷ ಜನವರಿಯ ಉದಾಹರಣೆ ಇದೆ. ಲೆಕ್ಸಿಂಗ್ಟನ್ ಪಡೆ ವೇಕ್ ದ್ವೀಪದ ಮೇಲೆ ದಾಳಿಗೆ ಹೊರಟಿತ್ತು. ಅದಕ್ಕೆ ಎಣ್ಣೆ ಕೊಡಬೇಕಿದ್ದ ನೆಚೆಸ್ ಎಂಬ ಟ್ಯಾಂಕರನ್ನು ಜನವರಿ 23ರಂದು ಜಪಾನಿ ಜಲಾಂತರ್ಗಾಮಿ ಮುಳುಗಿಸಿತು. ಅಷ್ಟಕ್ಕೇ ಇಡೀ ದಾಳಿ ರದ್ದು. ವಿಮಾನವಾಹಕಕ್ಕೆ ಏನೂ ಆಗಿರಲಿಲ್ಲ. ಆದರೂ ವಾಪಸ್ ಹೋಗಬೇಕಾಯಿತು.

ನಕ್ಷೆಪ್ರಿಯ

ನೆಚೆಸ್ ವಿಷಯ ಒಪ್ಪಿದೆ. ಆದರೆ ಕೋರಲ್ ಸಮುದ್ರದಲ್ಲಿ ಆ ಹೊತ್ತಿಗೆ ಯಾರ್ಕ್‌ಟೌನ್ ಎಣ್ಣೆ ತುಂಬಿಸಿಕೊಂಡಾಗಿತ್ತಲ್ಲ? ಮೇ 6ರಂದೇ ನಿಯೋಷೋ ಯಾರ್ಕ್‌ಟೌನ್‌ಗೂ ಆಸ್ಟೋರಿಯಾ ಎಂಬ ಕ್ರೂಸರ್‌ಗೂ ಕೊಟ್ಟು, ಸಿಮ್ಸ್ ಜೊತೆ ದಕ್ಷಿಣಕ್ಕೆ ಹೋಗಿತ್ತು. ಕದನದ ದಿನಕ್ಕೆ ಕೊರತೆ ಬೀಳಲಿಲ್ಲ.

ಗಡಿಯಾರ

ಕದನದ ದಿನಕ್ಕೆ ಬೀಳಲಿಲ್ಲ ಸರಿ. ಮರುದಿನಕ್ಕೆ? ಅದರ ಮರುದಿನಕ್ಕೆ? ಫ್ಲೆಚರ್ ಹತ್ತಿರ ಇದ್ದ ಇನ್ನೊಂದು ಟ್ಯಾಂಕರ್, 'ಟಿಪ್ಪಕನೂ' ಎಂಬುದು, ಹಳೆಯದು. ತನ್ನಲ್ಲಿದ್ದ ಎಣ್ಣೆಯನ್ನು ಕೊಟ್ಟು ಅದು ಎಫಾಟೆ ದ್ವೀಪದ ಕಡೆ ಹೋಗಿಯಾಗಿತ್ತು. ನಿಯೋಷೋ ಹೋಯಿತು ಅಂದ ಕ್ಷಣದಿಂದ ಅಲ್ಲಿ ಎಷ್ಟು ದಿನ ನಿಲ್ಲಬಹುದು ಅನ್ನುವ ಚಿಂತೆ ಶುರುವಾಯಿತು. ಡೆಸ್ಟ್ರಾಯರ್‌ಗಳ ಟ್ಯಾಂಕ್ ಚಿಕ್ಕದು, ವೇಗವಾಗಿ ಓಡಿದರೆ ಬೇಗ ಖಾಲಿ. ನೀವು ಒಂದು ದಿನದ ಲೆಕ್ಕ ಮಾಡುತ್ತಿದ್ದೀರಿ. ಕಮಾಂಡರ್ ಆದವರು ವಾರದ ಲೆಕ್ಕ ಮಾಡಬೇಕು.

ಟ್ಯಾಂಕರ್ ಮೇಟ್ ಮಂಗಳೂರು

ಮಾರಾಯ್ರೆ, ಎಲ್ಲರೂ ಕೋರಲ್ ಸಮುದ್ರಕ್ಕೇ ಹೋದಿರಿ. ಇದೇ ಹಡಗು ಐದು ತಿಂಗಳ ಹಿಂದೆ ಪರ್ಲ್ ಹಾರ್ಬರ್‌ನಲ್ಲಿ ಮಾಡಿದ್ದನ್ನು ಯಾರೂ ಹೇಳುವುದಿಲ್ವಾ?

1941ರ ಡಿಸೆಂಬರ್ 7, ಜಪಾನಿಯರು ಅಲ್ಲಿ ದಾಳಿ ಮಾಡಿದ ದಿನ. ನಿಯೋಷೋ ಫೋರ್ಡ್ ದ್ವೀಪದ ಪೆಟ್ರೋಲ್ ಜೆಟ್ಟಿಯಲ್ಲಿ ಕಟ್ಟಿತ್ತು. ಒಂದು ಕಡೆ ಕ್ಯಾಲಿಫೋರ್ನಿಯಾ ಎಂಬ ಯುದ್ಧನೌಕೆ, ಇನ್ನೊಂದು ಕಡೆ ಮೇರಿಲ್ಯಾಂಡ್, ಓಕ್ಲಹೋಮಾ. ಯುದ್ಧನೌಕೆಗಳ ಸಾಲಿನ ಮಧ್ಯದಲ್ಲೇ! ವಿಮಾನದ ಪೆಟ್ರೋಲ್ ತಂದು ದ್ವೀಪದ ಟ್ಯಾಂಕ್‌ಗಳಿಗೆ ಇಳಿಸುವ ಕೆಲಸ ಆಗಷ್ಟೇ ಮುಗಿದಿತ್ತು.

ಖಾಲಿಯಾಗಿತ್ತಲ್ಲ, ಮತ್ತೇನು ಭಯ ಅನ್ನುವವರಿಗೆ ಹೇಳುತ್ತೇನೆ. ನಾನು ವ್ಯಾಪಾರಿ ಟ್ಯಾಂಕರ್‌ಗಳಲ್ಲಿ ಕೆಲಸ ಮಾಡಿದವನು. ತುಂಬಿದ ಟ್ಯಾಂಕ್‌ಗಿಂತ ಆಗಷ್ಟೇ ಖಾಲಿಯಾದ ಪೆಟ್ರೋಲ್ ಟ್ಯಾಂಕ್ ಜಾಸ್ತಿ ಅಪಾಯ. ತುಂಬಿದ್ದಾಗ ಒಳಗೆ ಗಾಳಿಗೆ ಜಾಗ ಇರುವುದಿಲ್ಲ. ಖಾಲಿಯಾದ ಮೇಲೆ ಗೋಡೆಗೆ ಅಂಟಿದ್ದು, ತಳದಲ್ಲಿ ಉಳಿದಿದ್ದು ಎಲ್ಲಾ ಆವಿಯಾಗಿ ಗಾಳಿಯ ಜೊತೆ ಬೆರೆಯುತ್ತದೆ. ಒಂದು ಕಿಡಿ ಸಾಕು. ಈಗ ಹಡಗುಗಳಲ್ಲಿ ಆಮ್ಲಜನಕ ಕಡಿಮೆ ಇರುವ ಗ್ಯಾಸ್ ತುಂಬಿ ಇದನ್ನು ತಡೆಯುತ್ತೇವೆ. ಆವತ್ತು ಅಂಥ ಕಾಲ ಅಲ್ಲ.

ಕ್ಯಾಪ್ಟನ್ ಜಾನ್ ಫಿಲಿಪ್ಸ್ ಏನು ಮಾಡಿದರು? ಹಡಗು ಎಳೆಯುವ ಟಗ್ ಇಲ್ಲ, ಬಂದರಿನಲ್ಲಿ ದಾರಿ ತೋರಿಸುವ ಪೈಲಟ್ ಇಲ್ಲ. ಹಗ್ಗ ಕಡಿಸಿ ಎಂಜಿನ್ ಹಿಂದಕ್ಕೆ ಹಾಕಿದರು. 8 ಗಂಟೆ 42 ನಿಮಿಷಕ್ಕೆ ಹಡಗು ಹೊರಟಿತು. ಮಗುಚಿ ಬಿದ್ದ ಓಕ್ಲಹೋಮಾವನ್ನು ಸವರಿಕೊಂಡು, ಮೇಲೆ ವಿಮಾನಗಳು, ನೀರಿನ ಮೇಲೆ ಉರಿಯುವ ಎಣ್ಣೆ, ಇಷ್ಟರ ನಡುವೆ ಆ ಉದ್ದನೆಯ ಹಡಗನ್ನು ಮೆರ್ರಿ ಪಾಯಿಂಟ್ ಕಡೆ ತಂದು ಸೇರಿಸಿದರು. ಹೋಗುತ್ತಾ ಹೋಗುತ್ತಾ ಗನ್ನರ್‌ಗಳು ಗುಂಡು ಹಾರಿಸುತ್ತಲೇ ಇದ್ದರು. ಹಿಂದಕ್ಕೆ ಬಿಟ್ಟುಕೊಂಡು ಹೋಗುವುದು ಎಷ್ಟು ಕಷ್ಟ ಅಂತ ಹಡಗು ಓಡಿಸಿದವರಿಗೇ ಗೊತ್ತು. ಇದಕ್ಕೆ ಅವರಿಗೆ ನೇವಿ ಕ್ರಾಸ್ ಎಂಬ ಶೌರ್ಯ ಪದಕ ಸಿಕ್ಕಿತು. ಅವರು ಅಲ್ಲೇ ಕೂತಿದ್ದು ಹಡಗಿಗೆ ಬೆಂಕಿ ಬಿದ್ದಿದ್ದರೆ ಅಕ್ಕಪಕ್ಕದವರ ಗತಿ?

ಧಾರವಾಡ ಪೇಢಾ

ಭಾರಿ ಬರದೀರಿ ನೋಡ್ರಿ. ಪರ್ಲ್ ಹಾರ್ಬರ್‌ನಾಗ ಎಣ್ಣೆ ಟ್ಯಾಂಕ್‌ಗಳನ್ನೂ ಜಪಾನಿಯರು ಬಿಟ್ಟುಬಿಟ್ಟರು ಅಂತಾರಲ್ರೀ, ಅದು ಖರೆ ಏನು?

ಗಡಿಯಾರ

ಖರೆನೇ. ದಂಡೆಯ ಮೇಲೆ ಬಯಲಲ್ಲಿ ನಿಂತಿದ್ದ ಟ್ಯಾಂಕ್‌ಗಳಲ್ಲಿ ಸುಮಾರು 45 ಲಕ್ಷ ಬ್ಯಾರಲ್ ಎಣ್ಣೆ ಇತ್ತು. ಮುಟ್ಟಲಿಲ್ಲ. ಹೋಲಿಕೆಗೆ ನೋಡಿ, ನಿಯೋಷೋ ಒಂದು ಸಲಕ್ಕೆ ಹೊರುತ್ತಿದ್ದದ್ದು ಹತ್ತಿರ ಹತ್ತಿರ ಒಂದೂವರೆ ಲಕ್ಷ ಬ್ಯಾರಲ್. ಆ ಟ್ಯಾಂಕ್‌ಗಳು ಸುಟ್ಟಿದ್ದರೆ ಮತ್ತೆ ತುಂಬಿಸಲು ಎಷ್ಟು ಹಡಗು, ಎಷ್ಟು ಟ್ರಿಪ್ ಬೇಕಿತ್ತು ಅಂತ ನೀವೇ ಗುಣಿಸಿ.

ಓದುಗ 72

ಎಲ್ಲಾ ಸರಿ, ಅಮೆರಿಕ ಜಪಾನ್ ಜಗಳ ನಮಗೆ ಯಾಕೆ? ನಮ್ಮ ಸಮುದ್ರದ ಕಥೆ ಮಾತಾಡಬಾರದಾ?

ಮಲೆನಾಡ ಮಳೆ

@ಓದುಗ 72 ನಮ್ಮ ಸಮುದ್ರಕ್ಕೂ ಇದಕ್ಕೂ ಸಂಬಂಧ ಇದೆ. ನಿಯೋಷೋ ಮೇಲೆ ವಿಮಾನ ಕಳಿಸಿದ ಶೋಕಾಕು, ಝುಯಿಕಾಕು ಒಂದು ತಿಂಗಳ ಹಿಂದೆ ಎಲ್ಲಿದ್ದವು? ನಮ್ಮ ಹಿಂದೂ ಮಹಾಸಾಗರದಲ್ಲಿ. 1942ರ ಏಪ್ರಿಲ್ 5ಕ್ಕೆ ಕೊಲಂಬೊ, 9ಕ್ಕೆ ತ್ರಿಂಕೋಮಲಿ ಮೇಲೆ ದಾಳಿ. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬೇರೆ ಜಪಾನಿ ಪಡೆಯ ವಿಮಾನಗಳು ಬಾಂಬ್ ಹಾಕಿದವು. 9ರಂದು ಬ್ರಿಟಿಷರ ವಿಮಾನವಾಹಕ ಹರ್ಮಿಸ್ ಮುಳುಗಿತು. ಅದೇ ದಿನ ಅಲ್ಲೇ ಹತ್ತಿರದಲ್ಲಿ ಅಥೆಲ್‌ಸ್ಟೇನ್ ಎಂಬ ಬ್ರಿಟಿಷ್ ಎಣ್ಣೆ ಹಡಗೂ ಮುಳುಗಿತು. ಹರ್ಮಿಸ್ ಹೆಸರು ಎಲ್ಲರಿಗೂ ಗೊತ್ತು. ಅಥೆಲ್‌ಸ್ಟೇನ್ ಕೇಳಿದವರು ಕೈ ಎತ್ತಿ.

ಸಂಜೆಮಲ್ಲಿಗೆ

ನಾನು ಕೇಳಿರಲಿಲ್ಲ.

ಕಾರವಾರದ ಕಡಲು

ಇಂದಿಗೂ ಹಾಗೇ ಅಲ್ವಾ. ಕಾರವಾರದಲ್ಲಿ ವಿಕ್ರಮಾದಿತ್ಯ ನೋಡಬೇಕು ಅಂತ ಜನ ಕೇಳುತ್ತಾರೆ. ದೀಪಕ್, ಶಕ್ತಿ ಅನ್ನುವ ಟ್ಯಾಂಕರ್‌ಗಳು ನಮ್ಮಲ್ಲಿವೆ, ಎರಡೂ ಇಟಲಿಯಲ್ಲಿ ಕಟ್ಟಿ 2011ರಲ್ಲಿ ಸೇರಿದವು. ಅವುಗಳನ್ನು ನೋಡಬೇಕು ಅಂತ ಯಾರೂ ಕೇಳುವುದಿಲ್ಲ. ಅವಿಲ್ಲದೆ ಫ್ಲೀಟ್ ಬಂದರು ಬಿಟ್ಟು ಎಷ್ಟು ದೂರ ಹೋಗುತ್ತದೆ?

ಹಳೇ ಹಡಗು

ಎಳೆ ಚೆನ್ನಾಗಿ ಹರಡುತ್ತಿದೆ, ಸಂತೋಷ. ಆದರೆ ನನ್ನ ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ. ತೆಪ್ಪಗಳ ವಿಷಯ.

ನಕ್ಷೆಪ್ರಿಯ

ಅದಕ್ಕೆ ಬರುತ್ತೇನೆ. ನನ್ನ ಪ್ರಕಾರ ಹೊಣೆ ಹಡಗಿನ ಮೇಲಿದ್ದವರದ್ದೇ. ಕ್ಯಾಪ್ಟನ್ ಕೊಟ್ಟ ಆಜ್ಞೆ, ಹಡಗು ಬಿಡಲು ಸಿದ್ಧತೆ ಮಾಡಿಕೊಳ್ಳಿ ಅಂತ. ಬಿಡಿ ಅಂತ ಅಲ್ಲ. ಆದರೆ ತುಂಬಾ ಜನ ನೀರಿಗೆ ಹಾರಿಯೇಬಿಟ್ಟರು. ತೆಪ್ಪ ಇಳಿಸಿಕೊಂಡು ಹೋದರು. ದೋಣಿಗಳನ್ನು ಕಳಿಸಿ ಕೆಲವರನ್ನು ಮಾತ್ರ ವಾಪಸ್ ತರಲು ಆಯಿತು. ಉಳಿದವರು ತೇಲಿಕೊಂಡು ದೂರ ಹೋದರು. ಶಿಸ್ತು ಇದ್ದಿದ್ದರೆ ಅಷ್ಟು ಜನ ಸಾಯುತ್ತಿರಲಿಲ್ಲ. ಹಡಗಿನಲ್ಲೇ ಉಳಿದವರು ಬದುಕಿದರು ಅಲ್ವಾ? 123 ಜನ ನಿಯೋಷೋದವರನ್ನು ಹೆನ್ಲಿ ಎಂಬ ಡೆಸ್ಟ್ರಾಯರ್ ಬಂದು ಕಾಪಾಡಿತು.

ಗಡಿಯಾರ

ಸಂಖ್ಯೆ ಸರಿಮಾಡಿಕೊಳ್ಳಿ. 123ರಲ್ಲಿ ನಿಯೋಷೋದವರು 109, ಉಳಿದ 14 ಜನ ಸಿಮ್ಸ್‌ನವರು. ಸಿಮ್ಸ್‌ಗೆ ಮೂರು ಬಾಂಬ್ ಬಿದ್ದು ಎರಡು ತುಂಡಾಗಿ ಮುಳುಗಿತು. 192 ಜನರಲ್ಲಿ ಉಳಿದವರು ಅಷ್ಟೇ. ಅವರು ದೋಣಿಯಲ್ಲಿ ನಿಯೋಷೋಗೆ ಬಂದು ಸೇರಿಕೊಂಡಿದ್ದರು.

ಕಾರವಾರದ ಕಡಲು

@ನಕ್ಷೆಪ್ರಿಯ ಶಿಸ್ತು ಅನ್ನುವ ಮಾತು ಇಲ್ಲಿ ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ. ನನಗೆ ಸಿಟ್ಟು ಬರುತ್ತದೆ, ಆದರೂ ಸಮಾಧಾನದಿಂದಲೇ ಬರೆಯುತ್ತೇನೆ.

36 ಬಾಂಬರ್‌ಗಳು ಒಂದರ ಹಿಂದೆ ಒಂದು ಇಳಿಯುತ್ತಿವೆ. ಏಳು ಬಾಂಬ್ ನೇರವಾಗಿ ಬಿದ್ದಿದೆ, ಪಕ್ಕದಲ್ಲಿ ಬಿದ್ದವು ಬೇರೆ. ಒಂದು ವಿಮಾನ ಉರಿಯುತ್ತಾ ಬಂದು ಗನ್ ಹತ್ತಿರವೇ ಅಪ್ಪಳಿಸಿದೆ. ವಿದ್ಯುತ್ ಇಲ್ಲ. ಅಂದರೆ ಸ್ಪೀಕರ್ ಇಲ್ಲ, ಫೋನ್ ಇಲ್ಲ. ಆಜ್ಞೆ ಒಬ್ಬನ ಬಾಯಿಂದ ಇನ್ನೊಬ್ಬನ ಕಿವಿಗೆ ಹೋಗಬೇಕು, ಅದೂ 553 ಅಡಿ ಉದ್ದದ ಹಡಗಿನಲ್ಲಿ, ಬೆಂಕಿ, ಹೊಗೆ, ಬಾಯ್ಲರ್‌ನ ಆವಿಯ ಸದ್ದಿನ ನಡುವೆ. 'ಸಿದ್ಧತೆ ಮಾಡಿ' ಅನ್ನುವುದರಲ್ಲಿ ಎರಡನೇ ತುದಿಗೆ ತಲುಪುವುದು 'ಹಡಗು ಬಿಡಿ' ಅನ್ನುವ ಅರ್ಥ ಮಾತ್ರ. ಅದರ ಮೇಲೆ ಹಡಗು ವಾಲಿದೆ. ಪಕ್ಕದ ಸಿಮ್ಸ್ ಕಣ್ಣೆದುರೇ ಮುಳುಗಿದೆ. ಕಾಲ ಕೆಳಗೆ ಎಣ್ಣೆ. ಅಲ್ಲಿದ್ದ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗನಿಗೆ ಶಿಸ್ತು ಇರಲಿಲ್ಲ ಅಂತ ನಾವು ಹೇಳುವುದಾ?

ಟ್ಯಾಂಕರ್ ಮೇಟ್ ಮಂಗಳೂರು

ಕಡಲು ಸರ್ ಹೇಳಿದ್ದು ನೂರಕ್ಕೆ ನೂರು. ಅದರ ಜೊತೆ ಇನ್ನೊಂದು ಸೇರಿಸಿ. ಅಷ್ಟು ಪೆಟ್ಟು ತಿಂದ ಟ್ಯಾಂಕರ್ ತೇಲುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ? ತೇಲಿದ್ದಕ್ಕೆ ಕಾರಣ ಇದೆ. ಟ್ಯಾಂಕರ್‌ನ ಹೊಟ್ಟೆ ಪೂರ್ತಿ ಸಣ್ಣ ಸಣ್ಣ ಕೋಣೆಗಳು, ನಡುವೆ ಉಕ್ಕಿನ ಗೋಡೆಗಳು. ಎರಡು ಒಡೆದರೂ ಉಳಿದವು ಇರುತ್ತವೆ. ಒಳಗಿದ್ದದ್ದು ಹಡಗಿನ ಬಾಯ್ಲರ್‌ಗೆ ಹಾಕುವ ದಪ್ಪ ಕಪ್ಪು ಎಣ್ಣೆ. ಪೆಟ್ರೋಲ್ ಹಾಗೆ ತಟ್ಟನೆ ಹೊತ್ತಿಕೊಳ್ಳುವುದಿಲ್ಲ. ಅದು ನೀರಿಗಿಂತ ಹಗುರ ಬೇರೆ. ಸ್ವಲ್ಪ ಖಾಲಿಯಾದ ಟ್ಯಾಂಕ್‌ಗಳ ಗಾಳಿ ಹಡಗನ್ನು ಎತ್ತಿ ಹಿಡಿಯುತ್ತದೆ. ನಮಗೆ ಈಗ ಗೊತ್ತು. ಆ ಗಳಿಗೆಯಲ್ಲಿ ಡೆಕ್ ಮೇಲಿದ್ದವನಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಗಡಿಯಾರ

ನನಗೆ ಕಾಡುವ ಪ್ರಶ್ನೆ ಆಜ್ಞೆಯದ್ದಲ್ಲ, ಜಾಗದ್ದು. ವಿದ್ಯುತ್ ಹೋಗುವ ಮೊದಲು ನಿಯೋಷೋ ರೇಡಿಯೋದಲ್ಲಿ ಸುದ್ದಿ ಕಳಿಸಿತ್ತು. ಅದರಲ್ಲಿ ಕೊಟ್ಟ ಅಕ್ಷಾಂಶ, ರೇಖಾಂಶ ತಪ್ಪು, ಹತ್ತಾರು ಮೈಲಿ ಆಚೆ. ಫ್ಲೆಚರ್ ಮೊನಾಹನ್ ಎಂಬ ಡೆಸ್ಟ್ರಾಯರನ್ನು ಹುಡುಕಲು ಕಳಿಸಿದರು. ಅದು ಆ ತಪ್ಪು ಜಾಗಕ್ಕೆ ಹೋಗಿ ಸುತ್ತಿ ಏನೂ ಸಿಗದೆ ಬಂತು. ಗಾಳಿಯ ಜೊತೆ ಹಡಗು ಬೇರೆ ತೇಲಿಕೊಂಡು ಹೋಗುತ್ತಿತ್ತು. ಕೊನೆಗೆ ವಿಮಾನಗಳ ಕಣ್ಣಿಗೆ ಬಿದ್ದು, ಮೇ 11ಕ್ಕೆ ಹೆನ್ಲಿ ಬಂತು. ಸರಿಯಾದ ಜಾಗ ಮೊದಲೇ ಗೊತ್ತಿದ್ದರೆ 8ರಂದೇ ಸಿಗುತ್ತಿತ್ತು. ತೆಪ್ಪಗಳೂ ಆಗ ಹತ್ತಿರದಲ್ಲೇ ಇರುತ್ತಿದ್ದವು.

ಸಂಜೆಮಲ್ಲಿಗೆ

ಹಾಗಾದರೆ ಒಂದು ಲೆಕ್ಕದ ತಪ್ಪಿಗೆ ಅಷ್ಟು ಜನ ಹೋದರಾ? ಆ 68 ಜನ ಕೊನೆಗೆ ಎಲ್ಲಿ ಸಿಕ್ಕಿದ್ದು?

ಹಳೇ ಹಡಗು

ನಾಲ್ಕು ತೆಪ್ಪಗಳನ್ನು ಒಟ್ಟಿಗೆ ಕಟ್ಟಿಕೊಂಡಿದ್ದರು. ನೆರಳಿಲ್ಲ. ನೀರು, ಆಹಾರ ಬೇಗ ಮುಗಿಯಿತು. ಸುಟ್ಟ ಗಾಯದವರು ಮೊದಲು ಹೋದರು. ಬಾಯಾರಿಕೆ ತಡೆಯಲಾರದೆ ಉಪ್ಪುನೀರು ಕುಡಿದವರು ಆಮೇಲೆ. ಮೇ 16ರಂದು, ಅಂದರೆ ಒಂಬತ್ತು ದಿನದ ನಂತರ, ಹೆಲ್ಮ್ ಎಂಬ ಡೆಸ್ಟ್ರಾಯರ್‌ಗೆ ಕಣ್ಣಿಗೆ ಬಿದ್ದಾಗ ನಾಲ್ಕು ಜನ ಮಾತ್ರ ಉಸಿರಾಡುತ್ತಿದ್ದರು.

ಇದಕ್ಕೇ ನಾನು ನಕ್ಷೆಪ್ರಿಯ ಅವರ ಲಾಭ ನಷ್ಟದ ಲೆಕ್ಕ ಒಪ್ಪುವುದಿಲ್ಲ. ಗುರಾಣಿ ಅಂದಿರಿ. ಗುರಾಣಿಗೆ ಜೀವ ಇರುವುದಿಲ್ಲ.

ನಕ್ಷೆಪ್ರಿಯ

ಜೀವದ ಬೆಲೆ ನಾನೂ ಕಡಿಮೆ ಮಾಡಲಿಲ್ಲ. ಕದನದ ಮೇಲೆ ಪರಿಣಾಮ ಏನು ಅಂತ ಕೇಳಿದಿರಿ, ಅದಕ್ಕೆ ಉತ್ತರ ಕೊಟ್ಟೆ. ಪರಿಣಾಮ ಅಮೆರಿಕದ ಪರ ಆಯಿತು, ಈಗಲೂ ಅದನ್ನೇ ಹೇಳುತ್ತೇನೆ. ಅದೇ ಸಂಜೆ ಹರಾ ಹತಾಶೆಯಿಂದ 27 ವಿಮಾನಗಳನ್ನು ಕೆಟ್ಟ ಹವಾಮಾನದಲ್ಲಿ ಕಳಿಸಿ ಎಷ್ಟೋ ಅನುಭವಿ ಪೈಲಟ್‌ಗಳನ್ನು ಕಳೆದುಕೊಂಡರು. ಬೆಳಗ್ಗೆ ನಿಯೋಷೋ ಮೇಲೆ ಕೈ ಖಾಲಿ ಮಾಡಿಕೊಳ್ಳದಿದ್ದರೆ ಆ ಹಟಕ್ಕೆ ಬೀಳುತ್ತಿರಲಿಲ್ಲ. ಇದನ್ನು ಹೇಳುವುದೂ ಆ ಜನರಿಗೆ ಗೌರವವೇ. ಅವರ ಸಾವು ವ್ಯರ್ಥ ಆಗಲಿಲ್ಲ.

ಮಲೆನಾಡ ಮಳೆ

ಪೀಟರ್ಸನ್ ಹೆಸರು ಇನ್ನೂ ಯಾರೂ ಎತ್ತಿಲ್ಲ. ಆಸ್ಕರ್ ಪೀಟರ್ಸನ್, ಬಾಯ್ಲರ್ ನೋಡಿಕೊಳ್ಳುವ ವಿಭಾಗದ ಹಿರಿಯ ನಾವಿಕ. ರಿಪೇರಿ ತಂಡಕ್ಕೆ ಅವರೇ ಮುಖ್ಯಸ್ಥರು. ತಂಡದವರೆಲ್ಲಾ ಗಾಯಗೊಂಡರು. ಆವಿಯ ಪೈಪ್‌ಗಳ ವಾಲ್ವ್ ಮುಚ್ಚಲೇಬೇಕಿತ್ತು. ತಾನೂ ಗಾಯಗೊಂಡಿದ್ದರೂ, ಇನ್ನೂ ಸುಡುತ್ತದೆ ಅಂತ ಗೊತ್ತಿದ್ದೂ, ಅವರೇ ಹೋಗಿ ಮುಚ್ಚಿದರು. ಹೆನ್ಲಿಗೆ ಅವರನ್ನು ಜೀವಂತ ಸಾಗಿಸಿದರು. ಮೇ 13ರಂದು ತೀರಿಕೊಂಡರು. ಸಮುದ್ರದಲ್ಲೇ ಸಂಸ್ಕಾರ.

ಮರಣೋತ್ತರವಾಗಿ ಮೆಡಲ್ ಆಫ್ ಆನರ್ ಕೊಟ್ಟರು. ಅಮೆರಿಕದಲ್ಲಿ ಅದಕ್ಕಿಂತ ದೊಡ್ಡ ಪದಕ ಇಲ್ಲ. ಆದರೆ ಆ ಪದಕ ಹೆಂಡತಿಗೆ ತಲುಪಿದ್ದು ಅಂಚೆಯಲ್ಲಿ! ಸರಿಯಾದ ಸಮಾರಂಭ ಮಾಡಿ ಮನೆಯವರಿಗೆ ಗೌರವ ಸಲ್ಲಿಸಿದ್ದು 2010ರಲ್ಲಿ. 68 ವರ್ಷ ಆದ ಮೇಲೆ.

ಧಾರವಾಡ ಪೇಢಾ

ಅಂಚೆಯೊಳಗ? ಕೇಳಿ ಬಾಳ ಸಂಕಟ ಆತ್ರೀ.

ಓದುಗ 72

ಈಗ ನನಗೂ ಆಸಕ್ತಿ ಬಂತು. ಆ ಹಡಗನ್ನು ಎಳೆದುಕೊಂಡು ಬಂದರಾ, ಅಲ್ಲೇ ಬಿಟ್ಟರಾ?

ಗಡಿಯಾರ

ಎಳೆದು ತರುವ ಸ್ಥಿತಿಯಲ್ಲಿ ಇರಲಿಲ್ಲ, ತೇಲಲು ಬಿಟ್ಟರೆ ಶತ್ರುವಿಗೆ ಸಿಕ್ಕೀತು. ಜನರನ್ನು ಇಳಿಸಿಕೊಂಡ ಮೇಲೆ ಹೆನ್ಲಿಯೇ ಮುಳುಗಿಸಿತು. ಮೊದಲ ಟಾರ್ಪಿಡೊ ಸಿಡಿಯಲೇ ಇಲ್ಲ. ಎರಡನೆಯದು ಸಿಡಿದರೂ ಹಡಗು ಮುಳುಗಲಿಲ್ಲ. ಆಮೇಲೆ 5 ಇಂಚಿನ ಗನ್‌ನಿಂದ 146 ಗುಂಡು ಹಾರಿಸಬೇಕಾಯಿತು. ಆ ವರ್ಷಗಳಲ್ಲಿ ಅಮೆರಿಕದ ಟಾರ್ಪಿಡೊಗಳು ಸಿಡಿಯದೆ ಹೋಗುವುದು ದೊಡ್ಡ ಸಮಸ್ಯೆಯೇ ಆಗಿತ್ತು. ಜಲಾಂತರ್ಗಾಮಿಯವರು ಗೋಳಾಡಿ ಗೋಳಾಡಿ ಸಾಕಾಗಿದ್ದರು.

ಟ್ಯಾಂಕರ್ ಮೇಟ್ ಮಂಗಳೂರು

ಮುಳುಗಿದ ಟ್ಯಾಂಕರ್ ಅಂದಾಗ ನೆನಪಾಯಿತು. ಮಿಸಿಸಿನೆವಾ ಎಂಬ ಇನ್ನೊಂದು ಎಣ್ಣೆ ಹಡಗು, 1944ರ ನವೆಂಬರ್ 20ರಂದು ಉಲಿಥಿ ದ್ವೀಪಗಳ ನಡುವೆ ಲಂಗರು ಹಾಕಿ ನಿಂತಿತ್ತು. ಜಪಾನಿನ ಕೈಟೆನ್, ಅಂದರೆ ಮನುಷ್ಯ ಒಳಗೆ ಕೂತು ಓಡಿಸುವ ಟಾರ್ಪಿಡೊ, ಅದಕ್ಕೆ ಬಡಿಯಿತು. 63 ಜನ ಸತ್ತರು. ಆ ಹಡಗಿನ ಎಣ್ಣೆ ಅರವತ್ತು ವರ್ಷ ಸಮುದ್ರದ ತಳದಲ್ಲೇ ಇತ್ತು. 2001ರಲ್ಲಿ ಚಂಡಮಾರುತ ಬಂದ ಮೇಲೆ ಸೋರಲು ಶುರುವಾಯಿತು. ಅಲ್ಲಿನ ಜನ ಮೀನು ಹಿಡಿದು ಬದುಕುವವರು. 2003ರಲ್ಲಿ ಅಮೆರಿಕದ ನೌಕಾಪಡೆ ಹೋಗಿ, ಮುಳುಗುಗಾರರನ್ನು ಇಳಿಸಿ, ಉಳಿದ ಎಣ್ಣೆಯನ್ನು ಪಂಪ್ ಮಾಡಿ ತೆಗೆಯಿತು. ಸುಮಾರು 18 ಲಕ್ಷ ಗ್ಯಾಲನ್. ನಮ್ಮ ಕರಾವಳಿಯಲ್ಲಿ ಸ್ವಲ್ಪ ಎಣ್ಣೆ ಸೋರಿದರೂ ಮೀನುಗಾರರ ಪಾಡು ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಆ ದ್ವೀಪದವರಿಗೂ ಆ ಯುದ್ಧಕ್ಕೂ ಏನು ಸಂಬಂಧ ಹೇಳಿ?

ಕಾರವಾರದ ಕಡಲು

@ಗಡಿಯಾರ ಜಾಗದ ತಪ್ಪಿನ ಬಗ್ಗೆ ಒಂದು ಮಾತು ಉಳಿದಿತ್ತು. ಆಗ ಜಿಪಿಎಸ್ ಇಲ್ಲ. ನಕ್ಷತ್ರ, ಸೂರ್ಯ ನೋಡಿ ಒಂದು ಜಾಗ ಗುರುತಿಸಿ, ಅಲ್ಲಿಂದ ವೇಗ, ದಿಕ್ಕು, ಹೊತ್ತು ಹಿಡಿದು ಮುಂದಿನ ಜಾಗ ಅಂದಾಜು ಮಾಡುವುದು. ಬಾಂಬ್ ತಪ್ಪಿಸಲು ಹಡಗು ಎಡಕ್ಕೆ ಬಲಕ್ಕೆ ತಿರುಗುತ್ತಿದ್ದರೆ ಆ ಅಂದಾಜು ಇನ್ನೂ ಕೆಡುತ್ತದೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ ಜಾಗವನ್ನು ಇನ್ನೊಬ್ಬರು ಪರೀಕ್ಷಿಸಿ ಕಳಿಸಬೇಕಿತ್ತು. ಒಬ್ಬನೇ ಮಾಡಿದ ಲೆಕ್ಕ ಹಾಗೇ ರೇಡಿಯೋಗೆ ಹೋಗಬಾರದು. ನಮ್ಮಲ್ಲಿ ಇದನ್ನು ತಲೆಗೆ ಹೊಡೆದ ಹಾಗೆ ಕಲಿಸುತ್ತಿದ್ದರು.

ಹೊಣೆ ಯಾರದ್ದು ಅಂದರೆ, ತೆಪ್ಪ ಹತ್ತಿದ ಹುಡುಗರದ್ದಂತೂ ಅಲ್ಲ. ಇದರಲ್ಲಿ ನಾನು ಬಗ್ಗುವುದಿಲ್ಲ.

ಸಂಜೆಮಲ್ಲಿಗೆ

ಹಳೇ ಹಡಗು ಅಣ್ಣ, ನಿಯೋಷೋದ ಜೊತೆ ಹುಟ್ಟಿದ ಸಿಮರಾನ್ ಏನಾಯಿತು? ಅದೂ ಮುಳುಗಿತಾ?

ಹಳೇ ಹಡಗು

ಇಲ್ಲ. ಸಿಮರಾನ್ ಯುದ್ಧ ಪೂರ್ತಿ ನೋಡಿತು. 1942ರ ಏಪ್ರಿಲ್‌ನಲ್ಲಿ ಟೋಕಿಯೋ ಮೇಲೆ ಡೂಲಿಟಲ್ ದಾಳಿಗೆ ಹೋದ ಹಾರ್ನೆಟ್‌ಗೆ ಎಣ್ಣೆ ಕೊಟ್ಟಿದ್ದು ಅದೇ. ಎಂಟರ್‌ಪ್ರೈಸ್ ಜೊತೆ ಇದ್ದದ್ದು ಸಬೀನ್. ದಾಳಿಯ ಹಿಂದಿನ ದಿನ ಕೊನೆಯ ಸಲ ಎಣ್ಣೆ ತುಂಬಿಸಿ ಎರಡೂ ಟ್ಯಾಂಕರ್ ಹಿಂದೆ ಉಳಿದವು, ವಿಮಾನವಾಹಕಗಳು ಮುಂದೆ ಓಡಿದವು. ಸಿಮರಾನ್ ಆಮೇಲೆ ಕೊರಿಯಾ, ವಿಯೆಟ್ನಾಂ ಯುದ್ಧಗಳಲ್ಲೂ ಕೆಲಸ ಮಾಡಿ 1968ರಲ್ಲಿ ನಿವೃತ್ತಿಯಾಯಿತು. ಅದಕ್ಕೆ ಬೇರೆಯೇ ಒಂದು ಎಳೆ ಬೇಕು. ನಾಳೆ ಶುರು ಮಾಡುತ್ತೇನೆ, ಕಡಲು ಸರ್ ಅಲ್ಲಿಗೂ ಬನ್ನಿ.

ನಕ್ಷೆಪ್ರಿಯ

ನಾನೂ ಬರುತ್ತೇನೆ. ಡೂಲಿಟಲ್ ದಾಳಿಯಿಂದ ಜಪಾನಿಗೆ ಏನೂ ನಷ್ಟ ಆಗಲಿಲ್ಲ ಅನ್ನುವವರ ಜೊತೆ ನನಗೆ ಬಾಕಿ ಇದೆ.